ಗೋಡೆಯ ಮೇಲೆ ಐದು ಪದಕ, ರಿಬ್ಬನ್ನಿನಲ್ಲಿ ಎರಡು ತೂತು

ಕುಟುಂಬದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ರೆಜಿಮೆಂಟು ಯಾವುದನ್ನೂ ಹೇಳುವುದಿಲ್ಲ; ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಯುದ್ಧದ ಸಂಗತಿ, ಪದಕದ ನಿಯಮ, ಕಾನೂನು ಮಾತ್ರ ಇದ್ದ ಹಾಗೇ ಇವೆ. ಹಳೆಯ ಕಾಗದಪತ್ರ ಇಟ್ಟುಕೊಂಡು ಏನು ಮಾಡಬೇಕೆಂದು ತೋಚದವರ ಮನೆಯಲ್ಲಿ ಕೂತು ವಿಂಗಡಿಸಿಕೊಡುವುದು ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಕೆಲಸ.

ಹಿನ್ನೆಲೆ

ಆ ಮನೆಯ ಹಿರಿಯರನ್ನು ಇಲ್ಲಿ ಕ್ಯಾಪ್ಟನ್ ಎಂದಷ್ಟೇ ಕರೆಯುತ್ತೇನೆ. 1942ರಲ್ಲಿ ತುರ್ತು ಕಮಿಷನ್, ಅಂದರೆ ಯುದ್ಧಕಾಲಕ್ಕೆಂದು ಕೊಡುತ್ತಿದ್ದ ಅಧಿಕಾರಿ ಹುದ್ದೆ, ಪಡೆದು ಭಾರತೀಯ ಸೇನೆಗೆ ಸೇರಿದವರು. ಎರಡನೇ ಮಹಾಯುದ್ಧ ಶುರುವಾದಾಗ ಸುಮಾರು 2 ಲಕ್ಷ ಜನರಿದ್ದ ಆ ಸೇನೆ ಮುಗಿಯುವ ಹೊತ್ತಿಗೆ 25 ಲಕ್ಷ ಮುಟ್ಟಿತ್ತು. ಅಷ್ಟು ಜನರನ್ನು ಮುನ್ನಡೆಸಲು ಅಧಿಕಾರಿಗಳು ಬೇಕಲ್ಲ? ಬೆಂಗಳೂರು, ಬೆಳಗಾವಿ, ಮ್ಹೌಗಳಲ್ಲಿ ಕೆಲವು ತಿಂಗಳ ತರಬೇತಿ ಕೊಟ್ಟು, ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ಹುಡುಗರ ಹೆಗಲಿಗೆ ನಕ್ಷತ್ರ ಏರಿಸಿ ಕಳಿಸುತ್ತಿದ್ದ ಕಾಲ ಅದು. ಕ್ಯಾಪ್ಟನ್ ಪದಾತಿ ದಳದ ಒಂದು ಬೆಟಾಲಿಯನ್ನಿನ ಜೊತೆ ಬರ್ಮಾ ಗಡಿಗೆ ಹೋದರು, 1946ರಲ್ಲಿ ಸೇವೆಯಿಂದ ಬಿಡುಗಡೆಯಾಗಿ ಬಂದು ಮೇಷ್ಟರಾದರು, ಮದುವೆಯಾದರು, ಮೂರು ಮಕ್ಕಳಾದವು. ಯುದ್ಧದ ಬಗ್ಗೆ ಮನೆಯಲ್ಲಿ ಮಾತಾಡಿದ್ದು ಕಡಿಮೆ.

ಅವರು ತೀರಿಕೊಂಡ ಮೇಲೆ ಉಳಿದದ್ದು ಎರಡು ವಸ್ತು. ಒಂದು, ಹಿರಿಯ ಮಗನ ಹಜಾರದ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಸಾಲಾಗಿ ಕೂತ ಐದು ಪದಕ. ಇನ್ನೊಂದು, ಮಗಳ ಮನೆಯ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು. ಕಿರಿಯ ಮಗ ಮೂವತ್ತು ವರ್ಷದಿಂದ ಹೊರದೇಶದಲ್ಲಿದ್ದಾರೆ. ಅಣ್ಣ, ಅಕ್ಕ, ತಮ್ಮ, ಮೂವರಿಗೂ ಈಗ ಎಪ್ಪತ್ತರ ಆಜುಬಾಜು.

ಮನೆಯ ಕತೆ ಹೀಗಿತ್ತು: ಅಪ್ಪ ಈಗಿನ ನಾಗಾಲ್ಯಾಂಡಿನ ಕೊಹಿಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿ ಮಿಲಿಟರಿ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ ಗೆದ್ದವರು. ಅಣ್ಣ ಗಣರಾಜ್ಯೋತ್ಸವಕ್ಕೆ ಶಾಲೆಗಳಲ್ಲಿ ಇದನ್ನೇ ಹೇಳುತ್ತಿದ್ದರು. ಚೌಕಟ್ಟಿನ ಕೆಳಗೆ ಹಿತ್ತಾಳೆ ಫಲಕದಲ್ಲಿ ಅದನ್ನೇ ಕೆತ್ತಿಸಿದ್ದರು.

ಎಲ್ಲಿ ಗಂಟು ಬಿತ್ತು

ನನ್ನನ್ನು ಕರೆಸಿದ್ದು ಹಂಚಿಕೆಯ ಜಗಳಕ್ಕೆ. ಪದಕಗಳನ್ನೂ ಪತ್ರಗಳನ್ನೂ ಒಟ್ಟಿಗೆ ಲಂಡನ್ನಿನಲ್ಲಿ ಹರಾಜಿಗಿಡೋಣ, ಬಂದ ಹಣದಲ್ಲಿ ಅಪ್ಪನ ಹೆಸರಿನಲ್ಲಿ ವಿದ್ಯಾರ್ಥಿವೇತನ ಶುರುಮಾಡೋಣ ಎನ್ನುವುದು ತಮ್ಮನ ಯೋಚನೆ. ತಪ್ಪು ಯೋಚನೆಯೇನಲ್ಲ. ಶೌರ್ಯಪದಕವಿದ್ದು, ಅದರ ಜೊತೆಗೆ ಪತ್ರ, ಡೈರಿ, ಫೋಟೋ ಇದ್ದರೆ ಬಿಡಿ ಪದಕಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಬೆಲೆ ಬರುತ್ತದೆ ಎನ್ನುವುದು ನಿಜವೇ. ಪದಕ ಮನೆ ಬಿಟ್ಟು ಹೋಗಕೂಡದು ಎಂದು ಅಣ್ಣ. ಅಕ್ಕನದು ಬೇರೆಯೇ ಚಿಂತೆ: ಟ್ರಂಕಿನಲ್ಲಿ ಬೇರೆಯವರ ಕಾಗದಗಳೂ ಇವೆ, ಅವನ್ನು ಮಾರುವುದು ಸರಿಯೇ?

ನನ್ನ ಕಣ್ಣಿಗೆ ಬಿದ್ದ ತೊಡಕು ಇವರಾರೂ ಹೇಳಿದ್ದಲ್ಲ. ಹಜಾರಕ್ಕೆ ಕಾಲಿಟ್ಟ ಮೊದಲ ದಿನವೇ ಚೌಕಟ್ಟು ನೋಡಿ ಇರುಸುಮುರುಸಾಯಿತು. ಎಡದಿಂದ ಬಲಕ್ಕೆ ಮಿಲಿಟರಿ ಕ್ರಾಸ್, 1939-45 ಸ್ಟಾರ್, ಪೆಸಿಫಿಕ್ ಸ್ಟಾರ್, ಬರ್ಮಾ ಸ್ಟಾರ್, ಕೊನೆಗೆ ವಾರ್ ಮೆಡಲ್. ಸ್ಟಾರ್ ಎಂದರೆ ಶೌರ್ಯಕ್ಕಲ್ಲ, ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದಕ್ಕೆ ಕೊಟ್ಟ ನಕ್ಷತ್ರಾಕಾರದ ಪದಕ. ಪೆಸಿಫಿಕ್ ಸ್ಟಾರ್ ಮತ್ತು ಬರ್ಮಾ ಸ್ಟಾರ್ ಎರಡನ್ನೂ ಒಬ್ಬನಿಗೆ ಕೊಡುತ್ತಿರಲಿಲ್ಲ. ಎರಡಕ್ಕೂ ಅರ್ಹನಾದವನಿಗೆ ಮೊದಲು ಗಳಿಸಿದ ಸ್ಟಾರ್, ಅದರ ರಿಬ್ಬನ್ನಿನ ಮೇಲೆ ಇನ್ನೊಂದರ ಹೆಸರಿನ ಪಟ್ಟಿ, ಅಷ್ಟೇ. ಎರಡು ಸ್ಟಾರುಗಳು ಪಕ್ಕಪಕ್ಕ ಕೂತಿವೆ ಎಂದರೆ ಒಂದು ಹೊರಗಿನಿಂದ ಬಂದದ್ದು.

ಸ್ಟಾರುಗಳೆಲ್ಲ ಕಂಚಿನಂತೆ ಮಾಸಲು ಕಂದಾಗಿರಬೇಕಿತ್ತು, ಇಲ್ಲಿ ಚಿನ್ನದಂತೆ ಹೊಳೆಯುತ್ತಿದ್ದವು. ಚೌಕಟ್ಟು ಹಾಕಿದವನು ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದ. ರಿಬ್ಬನ್ನುಗಳು ಹೊಚ್ಚ ಹೊಸವು. ಬರ್ಮಾ ಸ್ಟಾರಿನ ರಿಬ್ಬನ್ ಕಡುನೀಲಿ, ನಡುವೆ ಅಗಲದ ಕೆಂಪು, ಎರಡೂ ನೀಲಿಗಳ ಮಧ್ಯೆ ಸೂರ್ಯನ ನೆನಪಿಗೆ ಸಣ್ಣ ಕಿತ್ತಳೆ ಗೆರೆ. ಎಂಬತ್ತು ವರ್ಷದ ರೇಷ್ಮೆಯಲ್ಲಿ ಆ ಕಿತ್ತಳೆ ಇಷ್ಟು ಕಣ್ಣು ಚುಚ್ಚುವುದಿಲ್ಲ.

ಆ ದಿನ ನಾನು ಬಾಯಿ ಬಿಡಲಿಲ್ಲ. ಕಾಫಿ ಕುಡಿದು ಎದ್ದೆ. ಇದು ಸರಿಯೋ ತಪ್ಪೋ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಗೋಡೆ ನೋಡಿ ತೀರ್ಪು ಕೊಟ್ಟಿದ್ದರೆ ಟ್ರಂಕು ತೆರೆಯುವ ಅವಕಾಶವೇ ಸಿಗುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ.

ನಾನು ಹೋಗುವ ಮೊದಲೇ ನಡೆದಿದ್ದ ಪ್ರಯತ್ನಗಳು

ಅಣ್ಣನ ಮೊಮ್ಮಗ ಉತ್ಸಾಹಿ. ರಜೆಯಲ್ಲಿ ಅಜ್ಜಿಯ ಮನೆಗೆ ಬಂದವನು ಟ್ರಂಕು ಇಳಿಸಿ, ಪತ್ರಗಳನ್ನೆಲ್ಲ ಹರಡಿ, ಸ್ಕ್ಯಾನ್ ಮಾಡಲು ಸಲೀಸಾಗಲೆಂದು ಅಳತೆಯ ಪ್ರಕಾರ ಜೋಡಿಸಿದ್ದ. ಲಕೋಟೆಗಳು ಜಾಗ ತಿನ್ನುತ್ತವೆಂದು ಬೇರೆ ಚೀಲಕ್ಕೆ ತುಂಬಿದ್ದ. ತೀರಾ ಜೀರ್ಣವಾದ ಹನ್ನೆರಡು ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಿದ್ದ. ಆ ಹನ್ನೆರಡರ ಕತೆ ಅಲ್ಲಿಗೆ ಮುಗಿಯಿತು. ಬಿಸಿಯಲ್ಲಿ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಏಟಾಗದಂತೆ ಬಿಡಿಸಲು ಬರುವುದಿಲ್ಲ. ಒಳಗೆ ಉಳಿದ ಆಮ್ಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹುಡುಗನನ್ನು ಬೈಯಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಆ ಪತ್ರಗಳನ್ನು ಓದಿದ ಮೊದಲನೆಯವನು ಅವನೇ.

ಕ್ಯಾಪ್ಟನ್ ಆ ಪತ್ರಗಳನ್ನು ಹಾಗೆ ಇಟ್ಟಿರಲಿಲ್ಲ. ವರ್ಷಕ್ಕೊಂದು ಕಂತೆ ಮಾಡಿ ಬೂಟಿನ ಲೇಸಿನಲ್ಲಿ ಕಟ್ಟಿದ್ದರು. ಪುಣ್ಯಕ್ಕೆ ಅಕ್ಕ, ಹುಡುಗ ಕೈಹಾಕುವ ಮುಂಚೆ, ಏನೋ ಒಳಗಿನಿಂದ ತಿಳಿದವರಂತೆ, ಮೊಬೈಲಿನಲ್ಲಿ ಒಂದೊಂದು ಕಂತೆಯನ್ನೂ ಪುಟ ಸರಿಸುತ್ತಾ ಫೋಟೋ ತೆಗೆದಿಟ್ಟಿದ್ದರು. “ಅಪ್ಪ ಕಟ್ಟಿದ ಗಂಟು ಬಿಚ್ಚೋಕೆ ಮುಂಚೆ ಒಂದ್ಸಲ ನೋಡ್ಕೊಂಡುಬಿಡೋಣ ಅನ್ನಿಸ್ತು” ಎಂದರು. ಈ ಪ್ರಕರಣ ದಡ ಮುಟ್ಟಿದ್ದು ಆ ಮಸುಕು ಫೋಟೋಗಳಿಂದ.

ಹೊರದೇಶದಲ್ಲಿದ್ದ ತಮ್ಮನೂ ಸುಮ್ಮನೆ ಕೂತಿರಲಿಲ್ಲ. ಮಿಲಿಟರಿ ಕ್ರಾಸ್ ಸಿಕ್ಕವರ ಹೆಸರು ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿತ್ತು, ಆ ಗೆಜೆಟ್ ಈಗ ಅಂತರ್ಜಾಲದಲ್ಲಿ ಉಚಿತ. ಅವರು ಹುಡುಕಿ, ಹೆಸರು ಕಾಣದೆ, ನಮ್ಮ ಹೆಸರುಗಳನ್ನು ಇಂಗ್ಲಿಷರು ಬಾಯಿಗೆ ಬಂದಂತೆ ಬರೆದಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದರು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಯಾವ ಅನುಕ್ರಮದಲ್ಲಾದರೂ ಬರಬಹುದು. ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದಿರಬಹುದು. ಅದಕ್ಕೇ ಇಂಥ ಹುಡುಕಾಟದಲ್ಲಿ ಹೆಸರಿಗಿಂತ ಅಧಿಕಾರಿ ಸಂಖ್ಯೆಯನ್ನು ನಂಬಬೇಕು. ಅದು ಟ್ರಂಕಿನ ಮುಚ್ಚಳದ ಒಳಗೇ ಬಿಳಿ ಬಣ್ಣದಲ್ಲಿ ಬರೆದಿತ್ತು. ಯಾರೂ ನೋಡಿರಲಿಲ್ಲ.

ಟ್ರಂಕು

ಮೂರು ವಾರ, ವಾರಕ್ಕೆ ಎರಡು ದಿನ, ಅಕ್ಕನ ಊಟದ ಮೇಜಿನ ಮೇಲೆ ಕೆಲಸ. ಅಕ್ಕನ ಫೋಟೋಗಳನ್ನು ಎದುರಿಗಿಟ್ಟುಕೊಂಡು ಕಂತೆಗಳನ್ನು ಮತ್ತೆ ಮೊದಲಿನ ಅನುಕ್ರಮಕ್ಕೆ ತಂದೆವು, ಲಕೋಟೆಗಳನ್ನು ಪತ್ರಗಳಿಗೆ ಹೊಂದಿಸಿದೆವು. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಎಳೆಯದೆ, ಹಿಂದಿನಿಂದ ನಿಧಾನವಾಗಿ ಸಡಿಲಿಸಿ ತೆಗೆದದ್ದೇ ಎರಡು ದಿನ.

ಕ್ಯಾಪ್ಟನ್ ತಾಯಿಗೆ ಕನ್ನಡದಲ್ಲಿ ಬರೆಯುತ್ತಿದ್ದರು, ತಮ್ಮ ಒಡಹುಟ್ಟಿದ ಅಣ್ಣನಿಗೆ, ಅಂದರೆ ಈ ಮಕ್ಕಳ ದೊಡ್ಡಪ್ಪನಿಗೆ, ಇಂಗ್ಲಿಷಿನಲ್ಲಿ. ತಾಯಿಯ ಪತ್ರಗಳಲ್ಲಿ ಯಾವಾಗಲೂ ಕ್ಷೇಮ, ಯಾವಾಗಲೂ ಹೊಟ್ಟೆ ತುಂಬ ಊಟ. ನಿಜ ಇರುತ್ತಿದ್ದದ್ದು ದೊಡ್ಡಪ್ಪನಿಗೆ ಬರೆದ ಪತ್ರಗಳಲ್ಲಿ. ಅಲ್ಲಿಯೂ ಜಾಗದ ಹೆಸರಿಲ್ಲ, ಸೆನ್ಸಾರಿನ ಕಟ್ಟು. ಬಹುತೇಕ ಪತ್ರಗಳಿಗೆ ತಾರೀಖೂ ಇಲ್ಲ, ಬರೀ “ಸೋಮವಾರ”, “ರಾತ್ರಿ”.

ಅವುಗಳಲ್ಲೊಂದು ಪೆನ್ಸಿಲಿನಲ್ಲಿ ಬರೆದದ್ದು. ಮೇಲ್ಗಡೆ ಒಂದು ಇಂಡಿಯನ್ ಜನರಲ್ ಹಾಸ್ಪಿಟಲ್‌ನ ಸಂಖ್ಯೆ. ಮಲೇರಿಯಾ ಮತ್ತೆ ಹಿಡಿದಿದೆ, ಕೈ ನಡುಗುತ್ತದೆ, ನನ್ನ ಹುಡುಗರೆಲ್ಲ ಮೇಲೆ ಇದ್ದಾರೆ, ನಾನು ಇಲ್ಲಿ ಬಿಳಿ ಹಾಸಿಗೆಯ ಮೇಲೆ ಮಲಗಿದ್ದೇನೆ, ಅಮ್ಮನಿಗೆ ಹೇಳಬೇಡ. ಇಷ್ಟೇ ಸಾರಾಂಶ. ಆ ಕಾಡಿನಲ್ಲಿ ಇದೇನೂ ಅಪರೂಪವಲ್ಲ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬೊಬ್ಬನಿಗೂ ಕಾಯಿಲೆ ಬಿದ್ದು ಬಂದವರು 120 ಜನ ಎಂದು 14ನೇ ಸೇನೆಯ ದಂಡನಾಯಕ ಸ್ಲಿಮ್ ಲೆಕ್ಕ ಕೊಟ್ಟಿದ್ದಾರೆ.

ಪತ್ರಕ್ಕೆ ತಾರೀಖಿಲ್ಲ. ಆದರೆ ಅಕ್ಕನ ಫೋಟೋದಲ್ಲಿ ಅದು 1944ರ ಏಪ್ರಿಲ್ ಆರಂಭದ ಒಂದು ಪತ್ರಕ್ಕೂ ಮೇ ನಡುವಿನ ಇನ್ನೊಂದಕ್ಕೂ ಮಧ್ಯೆ ಕೂತಿತ್ತು. ಲಕೋಟೆಯ ಮೇಲಿನ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಮಸುಕಾಗಿದ್ದರೂ ಏಪ್ರಿಲ್ ಎನ್ನುವುದು ಓದಲು ಬರುತ್ತಿತ್ತು. ಕೊಹಿಮಾದ ಮುತ್ತಿಗೆ ಶುರುವಾದದ್ದು ಆ ಏಪ್ರಿಲ್ 4ರಂದು. ಅಲ್ಲಿಂದ ಇಂಫಾಲದ ರಸ್ತೆ ಮತ್ತೆ ತೆರೆದದ್ದು ಜೂನ್ 22ಕ್ಕೆ.

ಅಕ್ಕ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿಕೊಂಡರು. “ಹಾಗಾದ್ರೆ ಅಪ್ಪ ಕೊಹಿಮಾದಲ್ಲಿ ಇರಲೇ ಇಲ್ವಾ?”

ಬೆಟಾಲಿಯನ್ ಇತ್ತು. ಅವರು ಇರಲಿಲ್ಲ. ಹೀಗೆ ಅನ್ನುವುದಕ್ಕೆ ಒಂದೇ ಪತ್ರ ಸಾಲದೆಂದು ಬೆಟಾಲಿಯನ್ನಿನ ಯುದ್ಧ ದಿನಚರಿ ತರಿಸಲು ತಮ್ಮನಿಗೆ ಹೇಳಿದೆ. ಆಗ್ನೇಯ ಏಷ್ಯಾದ ರಣರಂಗದ ಇಂಥ ದಿನಚರಿಗಳು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಕ್ಯೂ ಎಂಬಲ್ಲಿ, ಡಬ್ಲ್ಯುಒ 172 ಎಂಬ ಸರಣಿಯಲ್ಲಿವೆ. ಅವರು ಸ್ವತಃ ಹೋಗಿ ಪುಟಗಳ ಫೋಟೋ ತೆಗೆದು ತಂದರು. ಮಾರ್ಚ್ ಕೊನೆಗೆ ಆಸ್ಪತ್ರೆಗೆ ಹೋದ ಅಧಿಕಾರಿಗಳಲ್ಲಿ ಕ್ಯಾಪ್ಟನ್ ಹೆಸರಿತ್ತು, ಮರಳಿದ್ದು ಜೂನ್ ಮೊದಲ ವಾರ. ಹರಾಜಿನ ಮಾತು ಎತ್ತಿದವರೇ ಹರಾಜಿನ ಬೆಲೆ ಇಳಿಸುವ ಸಾಕ್ಷಿ ತಂದುಕೊಟ್ಟರು. ತಂದು, ಮುಚ್ಚಿಡದೆ ಅಕ್ಕನಿಗೂ ಅಣ್ಣನಿಗೂ ಒಂದೇ ದಿನ ಕಳಿಸಿದರು. ಆ ಮನುಷ್ಯನ ಬಗ್ಗೆ ನನಗಿದ್ದ ಅಭಿಪ್ರಾಯ ಅಂದು ಬದಲಾಯಿತು.

ಬೆಂಕಿಪೆಟ್ಟಿಗೆ

ಟ್ರಂಕಿನ ತಳದಲ್ಲಿ ಒಂದು ಕಾಗದದ ಪೊಟ್ಟಣ, ಅದರೊಳಗೆ ಮೂರು ತುಂಡು ಹಳೆಯ ರಿಬ್ಬನ್. ಚೌಕಟ್ಟು ಹಾಕಿದವನು ಕಿತ್ತು ಕೊಟ್ಟದ್ದನ್ನು ಅಮ್ಮ ಎಸೆಯದೆ ಇಟ್ಟಿದ್ದಾರೆ. ಐದು ಪದಕಕ್ಕೆ ಮೂರೇ ರಿಬ್ಬನ್. 1939-45 ಸ್ಟಾರಿನದು, ಬರ್ಮಾ ಸ್ಟಾರಿನದು, ವಾರ್ ಮೆಡಲಿನದು. ಮಿಲಿಟರಿ ಕ್ರಾಸಿನ ಬಿಳಿ-ನೇರಳೆ-ಬಿಳಿ ಇರಲಿಲ್ಲ.

ವಾರ್ ಮೆಡಲಿನ ರಿಬ್ಬನ್ನನ್ನು ಬೆಳಕಿಗೆ ಹಿಡಿದಾಗ ನಡುವೆ ಎರಡು ಸಣ್ಣ ತೂತು ಕಂಡವು, ಸುತ್ತ ಎಲೆಯಾಕಾರದಲ್ಲಿ ಬಣ್ಣ ಮಾಸದೆ ಉಳಿದ ಜಾಗ. ಎಲೆ ಎಲ್ಲಿ ಎಂದು ಹುಡುಕಿದೆವು. ಬಟ್ಟೆಯ ಗುಂಡಿಗಳ ಜೊತೆ ಬೆಂಕಿಪೆಟ್ಟಿಗೆಯೊಂದರಲ್ಲಿ ಇತ್ತು: ಉಗುರಿನಷ್ಟು ಕಂಚಿನ ಓಕ್ ಎಲೆ, ಹಿಂದೆ ಎರಡು ಮೊಳೆ.

ಗೊತ್ತಿಲ್ಲದವರಿಗೆ ಅದೊಂದು ಅಲಂಕಾರ. ಗೊತ್ತಿದ್ದವರಿಗೆ ಅದರ ಅರ್ಥ “ಮೆನ್ಷನ್ ಇನ್ ಡಿಸ್ಪ್ಯಾಚಸ್”. ದಂಡನಾಯಕನ ವರದಿಯಲ್ಲಿ ಹೆಸರೆತ್ತಿ ಹೇಳಲ್ಪಟ್ಟವನು ಧರಿಸುವ ಚಿಹ್ನೆ. ಅದಕ್ಕೆಂದು ಬೇರೆ ಪದಕವಿಲ್ಲ. ಎರಡನೇ ಮಹಾಯುದ್ಧದ ಎಲೆಯನ್ನು ವಾರ್ ಮೆಡಲಿನ ರಿಬ್ಬನ್ನಿಗೆ ಸಿಕ್ಕಿಸುತ್ತಿದ್ದರು. ಚೌಕಟ್ಟಿನವನು ಹೊಸ ರಿಬ್ಬನ್ ಹಾಕುವಾಗ ಎಲೆ ಬಿಟ್ಟುಬಿಟ್ಟಿದ್ದ. ಮನೆಯಲ್ಲಿದ್ದ ಒಂದೇ ಒಂದು ನಿಜವಾದ ಶೌರ್ಯಚಿಹ್ನೆ ಗುಂಡಿಗಳ ನಡುವೆ ಕೂತಿತ್ತು, ಗೋಡೆಯ ಮೇಲೆ ಇನ್ನೊಂದು ಮೆರೆಯುತ್ತಿತ್ತು.

ಸಂಖ್ಯೆಯ ಮೂಲಕ ಮತ್ತೆ ಗೆಜೆಟ್ ಹುಡುಕಿದಾಗ ಹೆಸರು ಸಿಕ್ಕಿತು, ಮಿಲಿಟರಿ ಕ್ರಾಸ್ ಪಟ್ಟಿಯಲ್ಲಲ್ಲ, ಬರ್ಮಾದಲ್ಲಿನ ಸೇವೆಗಾಗಿ ಹೆಸರಿಸಲಾದವರ ಉದ್ದದ ಪಟ್ಟಿಯಲ್ಲಿ. ಏನು ಮಾಡಿದ್ದಕ್ಕೆ ಎಂದು ಆ ಪಟ್ಟಿ ಹೇಳುವುದಿಲ್ಲ. ಹೇಳಿದ್ದು 1945ರ ಕಂತೆಯಲ್ಲಿದ್ದ ಒಂದು ಪತ್ರ, ಅವರ ಕಮಾಂಡಿಂಗ್ ಆಫೀಸರ್ ಬರೆದದ್ದು. ಇರವಾಡಿ ನದಿ ದಾಟಿದ ಮೇಲೆ, ಮೈಕ್ತೀಲಾ ದಿಕ್ಕಿನ ಕಾದಾಟದಲ್ಲಿ, ಗಾಯಗೊಂಡು ಸಿಕ್ಕಿಬಿದ್ದ ಒಂದು ತುಕಡಿಯನ್ನು ಕತ್ತಲಾದ ಮೇಲೆ ಹೋಗಿ ಕರೆತಂದದ್ದಕ್ಕಾಗಿ ನಿಮ್ಮನ್ನು ಮಿಲಿಟರಿ ಕ್ರಾಸಿಗೆ ಶಿಫಾರಸು ಮಾಡಿದ್ದೆ, ಮೇಲಿನವರು ಅದನ್ನು ಮೆನ್ಷನ್‌ಗೆ ಇಳಿಸಿದ್ದಾರೆ, ನನಗೆ ಬೇಸರವಾಗಿದೆ ಎಂದಿತ್ತು ಆ ಪತ್ರ. ಶಿಫಾರಸು ಮೇಲಕ್ಕೆ ಹೋಗುತ್ತಾ ಹೀಗೆ ಇಳಿಯುವುದು ಆಗ ಸಾಮಾನ್ಯವಾಗಿತ್ತು.

ಮನೆಯ ಕತೆ ಸುಳ್ಳಲ್ಲ, ಅರ್ಧಕ್ಕೆ ತುಂಡಾದದ್ದು. “ಮಿಲಿಟರಿ ಕ್ರಾಸಿಗೆ ಬರೆದಿದ್ದರಂತೆ” ಎನ್ನುವುದು ಬಾಯಿಂದ ಬಾಯಿಗೆ ಸಾಗಿ “ಬಂದಿತ್ತಂತೆ” ಆಗಿದೆ. ಬರ್ಮಾ ಎಂದರೆ ಜನಕ್ಕೆ ಗೊತ್ತಿದ್ದ ಹೆಸರು ಕೊಹಿಮಾ, ಕತೆ ಅಲ್ಲಿಗೆ ಹೋಗಿ ಅಂಟಿಕೊಂಡಿದೆ.

ಅಣ್ಣನಿಗೆ ಹೇಳಿದ ದಿನ

ಹೇಗೆ ಹೇಳುವುದು ಎಂದು ಅಕ್ಕ, ನಾನು ಎರಡು ಸಲ ಕೂತು ಮಾತಾಡಿದೆವು. ಫಲಕ ತೆಗೆಸಿ ಎನ್ನುವುದರಿಂದ ಶುರುಮಾಡಬಾರದು, ಕಮಾಂಡಿಂಗ್ ಆಫೀಸರ್ ಪತ್ರವನ್ನು ಅವರ ಕೈಗೆ ಕೊಟ್ಟು ಸುಮ್ಮನಿರಬೇಕು ಎಂದು ತೀರ್ಮಾನವಾಯಿತು. ಹಾಗೇ ಮಾಡಿದೆವು. ಅವರು ಎರಡು ಸಲ ಓದಿದರು. ಎದ್ದು ಒಳಗೆ ಹೋದರು. ಹೆಚ್ಚು ಕಮ್ಮಿ ಒಂದು ಗಂಟೆ ಬರಲಿಲ್ಲ. ಬಂದವರು ತಾವೇ ಚೌಕಟ್ಟು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದರು.

“ಆ ಕ್ರಾಸ್ ನಾನೇ ತಂದಿದ್ದು. ಅಪ್ಪನ ಡಬ್ಬಿಯಲ್ಲಿ ಇರ್ಲಿಲ್ಲ. ಕಳೆದುಹೋಗಿರಬೇಕು ಅಂತ ಒಂದು ಕೊಂಡು ಹಾಕಿಸ್ದೆ. ಇನ್ನೊಂದು ಸ್ಟಾರು ಆ ಅಂಗಡಿಯವನೇ ಜೊತೆಗೆ ಇರಬೇಕು ಅಂತ ಕೊಟ್ಟ.”

ಗಾಜು ತೆಗೆದು ಕ್ರಾಸನ್ನು ತಿರುಗಿಸಿ ತೋರಿಸಿದೆ. ಆ ಯುದ್ಧದ ಕಾಲದ ಅಸಲಿ ಮಿಲಿಟರಿ ಕ್ರಾಸಿನ ಹಿಂಬದಿ, ಕೆಳಗಿನ ತೋಳಿನಲ್ಲಿ, ಕೊಟ್ಟ ವರ್ಷ ಕೆತ್ತಿರುತ್ತದೆ. ಇಲ್ಲಿ ನುಣ್ಣಗಿತ್ತು. ಮೊದಲ ಮಹಾಯುದ್ಧದ ಪದಕಗಳಾದರೆ ಅಂಚಿನಲ್ಲಿ ಸೈನಿಕನ ಹೆಸರಿರುತ್ತಿತ್ತು. ಎರಡನೆಯದಕ್ಕೆ ಬ್ರಿಟನ್ ಹಂಚಿದ ಸ್ಟಾರುಗಳಲ್ಲಿ ಹೆಸರಿಲ್ಲ, ಈ ಐದರಲ್ಲೂ ಇರಲಿಲ್ಲ. ಹೀಗಿರುವಾಗ ಯಾವುದು ಯಾರದ್ದೆಂದು ಪದಕವೇ ಹೇಳಲಾರದು. ಪಕ್ಕದಲ್ಲಿ ಕಾಗದವಿರಬೇಕು. ಹರಾಜಿನಲ್ಲಿ ಇವು ಚೆದುರಿಹೋಗಿ, ಕ್ರಾಸು ಒಬ್ಬನಿಗೆ, ಪತ್ರ ಇನ್ನೊಬ್ಬನಿಗೆ ಸೇರಿದ್ದರೆ ಈ ತಪ್ಪು ಶಾಶ್ವತವಾಗಿ ನಿಂತುಬಿಡುತ್ತಿತ್ತು.

ತೀರ್ಮಾನಗಳು

ಹರಾಜಿನ ವಿಚಾರವನ್ನು ತಮ್ಮ ತಾವೇ ಕೈಬಿಟ್ಟರು. ಬಿಡದಿದ್ದರೂ ಕಾನೂನಿನ ತೊಡಕು ಎದುರಾಗುತ್ತಿತ್ತು. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆಯಲ್ಲಿ ಪುರಾವಸ್ತು ಎನಿಸಿಕೊಳ್ಳಲು ಕಲಾಕೃತಿ, ನಾಣ್ಯ ಮೊದಲಾದವಕ್ಕೆ 100 ವರ್ಷ ಆಗಿರಬೇಕು. ಚಾರಿತ್ರಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. 1944ರ ಪತ್ರ 2019ಕ್ಕೇ ಆ ಗೆರೆ ದಾಟಿದೆ. ಪದಕಗಳಿಗಿಂತ ಮೊದಲು ಕಾಗದಗಳೇ ಕಾನೂನಿನ ಕಣ್ಣಿಗೆ ಬೀಳುತ್ತವೆ ಎನ್ನುವುದು ಬಹಳ ಮನೆಗಳಿಗೆ ಗೊತ್ತಿಲ್ಲ. ರಜೆಗೆ ಬಂದ ಮಕ್ಕಳು ಸೂಟ್‌ಕೇಸಿಗೆ ಹಾಕಿಕೊಂಡು ಹೋಗುತ್ತಾರೆ. ಸಂಶಯವಿದ್ದಾಗ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳುವುದು ಕ್ಷೇಮ.

ಹೆಚ್ಚು ಹೊತ್ತು ಹಿಡಿದದ್ದು ಅಕ್ಕನ ಪ್ರಶ್ನೆ. ಟ್ರಂಕಿನಲ್ಲಿ ರೋಮನ್ ಉರ್ದುವಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಉರ್ದು, ಬರೆದ ಆರು ಪತ್ರಗಳಿದ್ದವು. ಆಗಿನ ಸೇನೆಯ ವ್ಯವಹಾರದ ಲಿಪಿ ಅದು. ಸತ್ತ ಸಿಪಾಯಿಗಳ ಮನೆಯವರು ಕ್ಯಾಪ್ಟನ್‌ಗೆ ಬರೆಸಿದ ಉತ್ತರಗಳು. ಒಬ್ಬ ಸಿಪಾಯಿ ತನ್ನ ಕೈಗೆ ತಾನೇ ಗುಂಡು ಹೊಡೆದುಕೊಂಡನೇ ಎಂಬ ವಿಚಾರಣೆಯ ಟಿಪ್ಪಣಿಯೂ ಇತ್ತು, ಪೂರ್ತಿ ಹೆಸರು, ಹಳ್ಳಿ, ತಂದೆಯ ಹೆಸರು ಸಮೇತ. ತಮ್ಮನಿಗೆ ಇದೆಲ್ಲ ಇತಿಹಾಸ. “ಆ ಹುಡುಗನ ಮೊಮ್ಮಕ್ಕಳು ಎಲ್ಲೋ ಇರ್ತಾರಲ್ಲಪ್ಪ” ಎಂದರು ಅಕ್ಕ. ವಿಚಾರಣೆಯ ಟಿಪ್ಪಣಿಯನ್ನು ಮುಚ್ಚಿದ ಲಕೋಟೆಯಲ್ಲಿ ಇಡುವುದು, ಹೆಸರು ಮರೆಮಾಡಿದ ಪ್ರತಿಯನ್ನಷ್ಟೇ ಓದುಗರಿಗೆ ಕೊಡುವುದು ಎಂದು ಒಪ್ಪಂದದಲ್ಲಿ ಬರೆಸಿದೆವು. ಸುಟ್ಟುಬಿಡಿ ಎಂದು ಕ್ಷಣಕಾಲ ನನ್ನ ಬಾಯಿಗೂ ಬಂದಿತ್ತು. ಹೇಳಲಿಲ್ಲ ಎನ್ನುವುದೊಂದು ಸಮಾಧಾನ.

ಎಲ್ಲಿಗೆ ಕೊಡುವುದು ಎಂಬಲ್ಲಿ ಅಂದುಕೊಂಡಂತೆ ಆಗಲಿಲ್ಲ. ಒಂದು ಸಂಗ್ರಹಾಲಯ ಪದಕ ಮಾತ್ರ ಕೊಡಿ ಎಂದಿತು. ಒಂದು ವಿಶ್ವವಿದ್ಯಾಲಯದ ದಾಖಲೆ ಕೇಂದ್ರ ಕಾಗದ ಮಾತ್ರ. ಒಟ್ಟಿಗೆ ಇರಲಿ ಎಂದು ಮೂರು ತಿಂಗಳು ಬಡಿದಾಡಿ ಸೋತೆ. ಕೊನೆಗೆ ಕಾಗದಗಳನ್ನು ದಾನವಾಗಿ ಕೊಡದೆ, ಹಿಂಪಡೆಯುವ ಹಕ್ಕು ಉಳಿಸಿಕೊಂಡು ಠೇವಣಿಯಾಗಿ ಕೇಂದ್ರಕ್ಕೆ ಕೊಟ್ಟರು. ಪದಕಗಳು ಅಣ್ಣನ ಮನೆಯಲ್ಲೇ ಉಳಿದವು. ಎರಡೂ ಕಡೆ ಒಂದೇ ಪಟ್ಟಿ, ಪ್ರತಿ ವಸ್ತುವಿನ ಮುಂದೆ ಅದರ ಜೋಡಿ ಎಲ್ಲಿದೆ ಎಂಬ ಸಾಲು. ಕೊಂಡು ತಂದ ಕ್ರಾಸನ್ನೂ ಸ್ಟಾರನ್ನೂ ಎಸೆಯಲಿಲ್ಲ. “ಕುಟುಂಬ ನಂತರ ಖರೀದಿಸಿದ ಪ್ರತಿಗಳು” ಎಂಬ ಚೀಟಿಯೊಂದಿಗೆ ಬೇರೆ ಡಬ್ಬಿಯಲ್ಲಿವೆ, ಯಾರು, ಯಾವಾಗ, ಏಕೆ ತಂದರೆಂದು ಅಣ್ಣನ ಕೈಬರಹದಲ್ಲೇ ಒಂದು ಪುಟದ ಜೊತೆ. ಲ್ಯಾಮಿನೇಷನ್ ಆದ ಹನ್ನೆರಡನ್ನು ಹಾಗೇ ಸ್ಕ್ಯಾನ್ ಮಾಡಿದ್ದಾರೆ. ಮೊಮ್ಮಗ ಈಗ ಆ ಕೇಂದ್ರಕ್ಕೆ ಶನಿವಾರಗಳಂದು ಹೋಗುತ್ತಾನಂತೆ.

ಚೌಕಟ್ಟು ಮತ್ತೆ ಗೋಡೆಗೆ ಬಂದಿದೆ. ಆಮ್ಲವಿಲ್ಲದ ರಟ್ಟು, ಬಿಸಿಲು ಬೀಳದ ಗೋಡೆ, ಮೂರು ಪದಕ, ಹಳೆಯ ಮಾಸಿದ ರಿಬ್ಬನ್ನುಗಳು. ಓಕ್ ಎಲೆಯನ್ನು ಅಣ್ಣನೇ ಕೈಯಾರೆ ಅದೇ ಎರಡು ತೂತಿಗೆ ಸಿಕ್ಕಿಸಿದರು. ಮೊನ್ನೆ ಹೋದಾಗ ಯಾರೋ ನೆಂಟರಿಗೆ ಅದನ್ನು ತೋರಿಸುತ್ತಿದ್ದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ ಗೊಣಗಿದರು: “ಮಿಲಿಟರಿ ಕ್ರಾಸ್ ಅಂದ್ರೆ ಒಂದು ಮಾತಲ್ಲಿ ಮುಗೀತಿತ್ತು ಸಾರ್. ಈಗ ಮಲೇರಿಯಾದಿಂದ ಶುರು ಮಾಡ್ಬೇಕು, ಅರ್ಧ ಗಂಟೆ ಹಿಡಿಯುತ್ತೆ.” ಕಮಾಂಡಿಂಗ್ ಆಫೀಸರ್ ಪತ್ರದ ನಕಲು ಅವರ ಅಂಗಿಯ ಜೇಬಿನಲ್ಲಿತ್ತು.